ಟವೆಲ್ ಕೆಳಗಿನ ಪಾಠ

"ಗುರುಗಳೇ, ನಾನು ಉತ್ತರ ಹೇಳಲು ಬಾಯಿ ತೆರೆದ ಕೂಡಲೇ ನೀವು ಕಣ್ಣು ಮುಚ್ಚಿಕೊಳ್ಳುತ್ತೀರಿ. ನನ್ನ ಮಾತು ಕೇಳಲು ಅಷ್ಟು ಬೇಸರವೇ?" ಎಂದು ಶಿಷ್ಯ ಕೇಳಿದ.

ಈ ಪ್ರಶ್ನೆಯನ್ನು ಅವನು ಬಹಳ ದಿನದಿಂದ ಕೇಳಬೇಕೆಂದಿದ್ದ. ಹಿಂದಿನ ದಿನವೂ ಹಾಗೇ ಆಗಿತ್ತು. ಗುರುಗಳು ಒಂದು ಪ್ರಶ್ನೆ ಹಾಕಿದ್ದರು. ಅವನು ಉತ್ತರ ಹೇಳಿದ್ದ. ಗುರುಗಳು ಕಣ್ಣು ಮುಚ್ಚಿ ಪೂರ್ತಿ ಕೇಳಿ, ಸರಿ ಎನ್ನದೆ, ತಪ್ಪು ಎನ್ನದೆ, ಊಟಕ್ಕೆ ಎದ್ದು ಹೋಗಿದ್ದರು.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದನದ ದಲ್ಲಾಳಿ ಇದ್ದ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವುದು ಅವನ ಕಸುಬು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಗೆ ಕೈ ಕೊಟ್ಟು, ಮೇಲೆ ಟವೆಲ್ ಮುಚ್ಚಿ, ಒಳಗೊಳಗೇ ಒಬ್ಬರ ಬೆರಳನ್ನು ಇನ್ನೊಬ್ಬರು ಒತ್ತಿ ಮಾತಾಡುತ್ತಾರೆ. ಎಷ್ಟು ಬೆರಳು ಹಿಡಿದರೋ ಅಷ್ಟು ಬೆಲೆ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ. ಈ ದಲ್ಲಾಳಿಯ ಮುಖವೋ, ಸುಣ್ಣ ಬಳಿದ ಗೋಡೆ. ಆ ಮುಖ ನೋಡಿ ಒಂದು ಕರುವಿನ ಬೆಲೆಯನ್ನಾದರೂ ಊಹಿಸಿದವರು ಹುಟ್ಟಿರಲಿಲ್ಲ. ಅದು ಅವನಿಗೇ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವರಿಗೆ ತಾನೇ ಹೇಳುತ್ತಿದ್ದ.

ಅವನಿಗೆ ಒಬ್ಬಳೇ ಮಗಳು. ಸರ್ಕಾರದ ವಸತಿ ಶಾಲೆಗೆ ಸೇರಬೇಕಾದರೆ ಮಕ್ಕಳು ಬುದ್ಧಿ ಪರೀಕ್ಷೆ ಬರೆಯಬೇಕಿತ್ತು. ನಾಲ್ಕು ಚಿತ್ರ ಕೊಡುತ್ತಾರೆ, ಐದನೆಯದು ಹೇಗಿರಬೇಕು ಎನ್ನುತ್ತಾರೆ. ನಾಲ್ಕು ಹೆಸರು ಕೊಡುತ್ತಾರೆ, ಗುಂಪಿಗೆ ಸೇರದ್ದು ಯಾವುದು ಎನ್ನುತ್ತಾರೆ. ಪಾಸಾದರೆ ಊಟ, ಬಟ್ಟೆ, ಪುಸ್ತಕ, ವಿದ್ಯೆ ಎಲ್ಲವೂ ಶಾಲೆಯದು. ಫೇಲಾದರೆ ಆ ಹುಡುಗಿಯ ಓದು ಊರಿನ ಶಾಲೆಯ ಕಡೆಯ ತರಗತಿಗೆ ನಿಲ್ಲುತ್ತಿತ್ತು. ಮುಂದಿನ ಶಾಲೆ ಬಹಳ ದೂರ, ಆ ಕಡೆಗೆ ಬಸ್ಸಿಲ್ಲ.

ದಲ್ಲಾಳಿ ಪೇಟೆಯಿಂದ ಪರೀಕ್ಷೆಯ ಪುಸ್ತಕ ತಂದ. ತಾನೇ ಹೇಳಿಕೊಡುತ್ತೇನೆ ಎಂದ. ಅವನು ಓದಿದ್ದು ಅಕ್ಷರ ಕೂಡಿಸುವಷ್ಟು. ಬೀದಿಗೆ ಇನ್ನೇನು ಬೇಕು? ಎಮ್ಮೆಯ ಹಲ್ಲು ಎಣಿಸುವವನು ಮಗಳಿಗೆ ಬುದ್ಧಿ ಕಲಿಸುತ್ತಾನಂತೆ ಎಂದು ನಲ್ಲಿಯ ಹತ್ತಿರ ಕೊಡ ಇಟ್ಟವರೆಲ್ಲ ನಕ್ಕರು. ಕೊಡ ತುಂಬಿ ಹರಿದರೂ ನಗು ನಿಲ್ಲಲಿಲ್ಲ.

ಅವನು ದಿನವೂ ಜಗುಲಿಯ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಮೊದಲು ಪುಸ್ತಕದ ಕೊನೆಗೆ ಹೋಗಿ ಸರಿ ಉತ್ತರ ಯಾವುದೆಂದು ತಾನು ನೋಡಿಕೊಳ್ಳುತ್ತಿದ್ದ. ಆಮೇಲೆ ಪ್ರಶ್ನೆ ಓದುತ್ತಿದ್ದ. ಹುಡುಗಿಗೆ ಯೋಚನೆ ಮಾಡುವಾಗ ಉಗುರು ಕಚ್ಚುವ ಚಟ. ಅದನ್ನು ಬಿಡಿಸಲು ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಕೈಗೆ ಕೈ ಸೇರಿದ ಮೇಲೆ ಹೆಗಲ ಮೇಲಿನ ಟವೆಲ್ಲು ತಾನಾಗಿ ಇಳಿದು ಮೇಲೆ ಬೀಳುತ್ತಿತ್ತು. ಅಷ್ಟು ವರ್ಷದ ಅಭ್ಯಾಸ.

ಮೊದಮೊದಲು ಹುಡುಗಿ ತಪ್ಪುತ್ತಿದ್ದಳು. ಬರಬರುತ್ತಾ ತಪ್ಪು ಕಡಿಮೆಯಾಯಿತು. ಆಮೇಲೆ ತಪ್ಪೇ ಇಲ್ಲ. ಅಪ್ಪ ಪ್ರಶ್ನೆ ಓದಿ ಮುಗಿಸುವ ಮೊದಲೇ ಮಗಳು ಒಂದು, ಮೂರು, ನಾಲ್ಕು ಎಂದು ಉತ್ತರದ ಸಂಖ್ಯೆ ಹೇಳಿಬಿಡುತ್ತಿದ್ದಳು.

ದಲ್ಲಾಳಿಯ ಎದೆ ಉಬ್ಬಿತು. ಜಗುಲಿಯ ಪಾಠ ಸಣ್ಣ ಮೇಳವಾಯಿತು. ಹಾದಿಯಲ್ಲಿ ಹೋಗುವವರನ್ನು ಕರೆದು, ಕೂತ್ಕೊಳ್ಳಿ, ಒಂದು ಪ್ರಶ್ನೆ ಕೇಳಿಯೇ ಹೋಗಿ ಎನ್ನುತ್ತಿದ್ದ. ಸಂತೆಯಲ್ಲಿ ಗೋಡೆಯಾಗಿದ್ದ ಮುಖ ಮನೆಯಲ್ಲಿ ದೀಪವಾಗುತ್ತಿತ್ತು. ನಕ್ಕವರೇ ಈಗ ಹೊಟ್ಟೆಕಿಚ್ಚು ಪಟ್ಟರು. ದಲ್ಲಾಳಿ ಪ್ರಶ್ನೆಪತ್ರಿಕೆಯನ್ನೇ ಎಲ್ಲೋ ಕುದುರಿಸಿದ್ದಾನೆ ಎಂದು ಒಬ್ಬರು. ಮಗುವಿನ ಮೇಲೆ ಯಾವುದೋ ದೇವರು ಬಂದಿದೆ ಎಂದು ಇನ್ನೊಬ್ಬರು. ದೇವರು ಬಂದಿದ್ದರೆ ಅವರಪ್ಪ ಕಾಣಿಕೆ ಹುಂಡಿ ಇಡದೆ ಬಿಡುತ್ತಿದ್ದನೇ ಎಂದು ಮತ್ತೊಬ್ಬರು.

ಎದುರುಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಅಕ್ಷರ ಬಾರದು. ಆದರೆ ಬೀದಿಯಲ್ಲಿ ಯಾರ ಮನೆಯ ಒಲೆ ಎಷ್ಟು ಹೊತ್ತಿಗೆ ಹತ್ತಿತು, ಯಾಕೆ ತಡವಾಗಿ ಹತ್ತಿತು ಎಂಬುದೆಲ್ಲ ಅವಳಿಗೆ ತಿಳಿದಿತ್ತು. ಅವಳು ಎಲೆಅಡಿಕೆ ಹಾಕಿಕೊಳ್ಳುತ್ತಾ ಕಿಟಕಿಯಲ್ಲಿ ಕೂತು ಈ ಪಾಠವನ್ನು ದಿನವೂ ನೋಡಿದಳು. ಮಗುವಿನ ಬಾಯಿಯನ್ನು ಎಲ್ಲರೂ ನೋಡುತ್ತಿದ್ದರು. ಮುದುಕಿ ಮಗುವಿನ ಕಣ್ಣು ಎಲ್ಲಿದೆ ಎಂದು ನೋಡಿದಳು. ಅದು ಪುಸ್ತಕದ ಮೇಲೆ ಇರಲಿಲ್ಲ.

ಒಂದು ದಿನ ಜಗುಲಿ ತುಂಬ ಜನ ಕೂತಿದ್ದಾಗ ಅವಳು ಕೋಲೂರಿಕೊಂಡು ಬೀದಿ ದಾಟಿ ಬಂದಳು.

"ಏನಪ್ಪಾ, ಟವೆಲ್ ಮುಚ್ಚಿ ದನ ಮಾರೋದು ನೋಡಿದ್ದೆ. ಟವೆಲ್ ಮುಚ್ಚಿ ಪಾಠ ಹೇಳೋದು ಇದೇ ಮೊದಲು ನೋಡ್ತಿರೋದು."

"ಮಗು ಉಗುರು ಕಚ್ಚುತ್ತೆ ಅಜ್ಜಿ. ಅದಕ್ಕೆ ಕೈ ಹಿಡ್ಕೊಂಡಿದೀನಿ."

"ಹೌದೇ? ಹಾಗಾದ್ರೆ ಇವತ್ತೊಂದಿನ ಕಚ್ಚಲಿ ಬಿಡು. ಉಗುರು ಮತ್ತೆ ಬೆಳೆಯುತ್ತೆ. ಟವೆಲ್ ಹೆಗಲಿಗೆ ಹಾಕ್ಕೊಂಡು ಕೇಳು, ನಾವೂ ನೋಡೋಣ."

ಅವನು ನಕ್ಕು ಟವೆಲ್ ಹೆಗಲಿಗೆ ಹಾಕಿಕೊಂಡ. ಮಗಳ ಕೈ ಬಿಟ್ಟ. ಪ್ರಶ್ನೆ ಓದಿದ. ಕುಡುಗೋಲು, ಕತ್ತರಿ, ಚಾಕು, ಸುತ್ತಿಗೆ, ಗುಂಪಿಗೆ ಸೇರದ್ದು ಯಾವುದು ಎಂದು ಕೇಳಿದ.

ಹುಡುಗಿ ಅಪ್ಪನ ಮುಖ ನೋಡಿದಳು. ಅಲ್ಲಿ ಏನೂ ಬರೆದಿರಲಿಲ್ಲ. ಕೈ ನೋಡಿದಳು. ಅದು ದೂರ ಇತ್ತು. ಎಷ್ಟು ಹೊತ್ತಾದರೂ ಅವಳ ಬಾಯಿಂದ ಒಂದು ಮಾತು ಹೊರಡಲಿಲ್ಲ.

ಬೀದಿಗೆ ಆ ರಾತ್ರಿಯ ಊಟ ಬಹಳ ರುಚಿಯಾಯಿತು.

ಜನ ಎದ್ದುಹೋದ ಮೇಲೆ ಹುಡುಗಿ ಅತ್ತಳು. "ಅಪ್ಪಾ, ನಾನು ಕದ್ದಿಲ್ಲ. ನೀನೇ ಹೇಳ್ತಿದ್ದೆ" ಎಂದಳು.

"ನಾನೆಲ್ಲಿ ಬಾಯಿ ಬಿಟ್ಟೆ ತಾಯಿ?"

"ನಿನ್ನ ಬೆರಳು ಬಿಡ್ತಿತ್ತು. ಎರಡು ಅಂದ್ರೆ ಎರಡು ಬೆರಳು ಒತ್ತುತ್ತಿದ್ದೆ. ಮೂರು ಅಂದ್ರೆ ಮೂರು. ನೀನು ಬೇಕಂತಲೇ ಹೇಳ್ತಿದೀಯ ಅಂದ್ಕೊಂಡಿದ್ದೆ."

ದಲ್ಲಾಳಿ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬೇರೆಯವರ ಕೊಟ್ಟಿಗೆಯ ಹೋರಿಯನ್ನು ನೋಡಿದಂತೆ ನೋಡಿದ. ಮುಖವನ್ನು ಇಷ್ಟು ವರ್ಷ ಕಾದುಕೊಂಡಿದ್ದ. ಬೆರಳಿಗೆ ಬಾಯಿ ಬಂದದ್ದು ತಿಳಿದಿರಲಿಲ್ಲ. ಉತ್ತರ ಗೊತ್ತಿದ್ದ ಕೈ, ಪ್ರೀತಿಯ ಮಗುವಿನ ಕೈಯನ್ನು ಹಿಡಿದುಕೊಂಡು ಸುಮ್ಮನಿರಲು ಒಪ್ಪಿರಲಿಲ್ಲ.

ಮೊದಲು ಅವನಿಗೆ ಪುಸ್ತಕವನ್ನು ಒಲೆಗೆ ಹಾಕಬೇಕು ಅನ್ನಿಸಿತು. ಆಮೇಲೆ ಅವನಿಗೆ ಸಂತೆಯ ಒಂದು ಪದ್ಧತಿ ನೆನಪಾಯಿತು.

ಕಸುಬಿಗೆ ಹೊಸದಾಗಿ ಬಂದವನಿಗೆ ಹಿರಿಯ ದಲ್ಲಾಳಿ ಬೆಲೆ ಹೇಳಿಕೊಡುವುದಿಲ್ಲ. ಎತ್ತಿನ ಮುಂದೆ ನಿಲ್ಲಿಸಿ, ನೋಡು, ನಿನ್ನ ಮನಸ್ಸಿನಲ್ಲೇ ಒಂದು ಬೆಲೆ ಕಟ್ಟು ಎನ್ನುತ್ತಾನೆ. ಕಟ್ಟಿದ ಮೇಲೆ ಟವೆಲ್ಲಿನ ಕೆಳಗೆ ಅವನ ಬೆರಳು ಹಿಡಿದು ಒತ್ತುತ್ತಾನೆ, ತಿರುವುತ್ತಾನೆ, ಇಷ್ಟು ಸಾಲದು, ಅಷ್ಟು ಹೆಚ್ಚಾಯಿತು ಎಂದು ಎಳೆದಾಡುತ್ತಾನೆ. ಮನಸ್ಸಿನಲ್ಲಿ ಬೆಲೆ ಗಟ್ಟಿ ಇಲ್ಲದವನ ಬೆರಳು ಸಡಿಲವಾಗುತ್ತದೆ. ಗಟ್ಟಿ ಇದ್ದವನ ಬೆರಳು ನಿಲ್ಲುತ್ತದೆ. ನಿಂತ ದಿನ ಅವನು ದಲ್ಲಾಳಿ.

ಬೆಳಿಗ್ಗೆ ಅವನು ಪುಸ್ತಕದ ಕೊನೆಯ ಹಾಳೆಗಳನ್ನು ಹರಿದು ಎದುರುಮನೆಗೆ ಹೋದ.

"ಅಜ್ಜಿ, ಇವು ಉತ್ತರದ ಹಾಳೆ. ನಿಮ್ಮ ಎಲೆಅಡಿಕೆ ಚೀಲದಲ್ಲಿರಲಿ. ನಾನು ಬಂದು ಕೇಳಿದರೂ ಕೊಡಬೇಡಿ."

"ನನ್ನ ಹತ್ರ ಗುಟ್ಟು ಇಡೋಕೆ ಬಂದವನು ಈ ಬೀದೀಲಿ ನೀನೊಬ್ಬನೇ ನೋಡು" ಎಂದು ಮುದುಕಿ ಚೀಲದ ಬಾಯಿ ಬಿಗಿದಳು. ಓದು ಬರದಿದ್ದರಿಂದ ಆ ಗುಟ್ಟು ಅವಳ ಹತ್ತಿರ ಉಳಿಯಿತು.

ಅಂದಿನಿಂದ ಪಾಠ ತಿರುಗಿತು. ಪ್ರಶ್ನೆಯನ್ನು ಮಗಳೇ ಓದಬೇಕು. ತನ್ನೊಳಗೇ ಉತ್ತರ ಕಟ್ಟಬೇಕು. ಕಟ್ಟಿದ ಮೇಲೆ ಅಪ್ಪ ಟವೆಲ್ ಮುಚ್ಚಿ ಅವಳ ಬೆರಳು ಹಿಡಿಯುತ್ತಿದ್ದ. ಒಂದಾ? ಅಲ್ಲವಲ್ಲ. ಎರಡಿರಬೇಕು. ಯಾಕೆ ಮೂರಾಗಬಾರದು? ಹೀಗೆ ಒತ್ತುತ್ತಿದ್ದ, ಎಳೆಯುತ್ತಿದ್ದ. ಸರಿ ಯಾವುದು ಎಂದು ಅವನಿಗೂ ಗೊತ್ತಿರಲಿಲ್ಲ. ಆದ್ದರಿಂದ ಅವನ ಬೆರಳಿಗೆ ಹೇಳಲು ಏನೂ ಇರಲಿಲ್ಲ.

ಮೊದಲು ಹುಡುಗಿ ಪ್ರತಿ ಸಲವೂ ಸೋತಳು. ಅಪ್ಪ ಎರಡು ಒತ್ತಿದರೆ ಎರಡಕ್ಕೆ ಬಂದಳು, ಮೂರು ಒತ್ತಿದರೆ ಮೂರಕ್ಕೆ ಹೋದಳು. ಸಿಟ್ಟು ಬಂದು ಪುಸ್ತಕ ಎಸೆದಳು. ಅಪ್ಪ ಎತ್ತಿಕೊಂಡು ಬಂದು ಮತ್ತೆ ಮುಂದಿಟ್ಟ. ಬೀದಿ ನೋಡುವುದನ್ನು ಬಿಟ್ಟಿತು. ತಪ್ಪುವ ಮಗುವನ್ನು ನೋಡಲು ಯಾರಿಗೂ ಪುರುಸೊತ್ತಿಲ್ಲ.

ಒಂದು ಸಂಜೆ ಅವನು ಮಗಳ ಬೆರಳು ಹಿಡಿದು ಎಳೆದ. ಬೆರಳು ಬರಲಿಲ್ಲ. ಗದರಿಸಿದ. ಬರಲಿಲ್ಲ. ಪುಸಲಾಯಿಸಿದ. ಬರಲಿಲ್ಲ. ಮುಖ ನೋಡಿದ. ಅಲ್ಲಿ ಸುಣ್ಣ ಬಳಿದ ಗೋಡೆ ಇತ್ತು. ಸಂತೆಯಲ್ಲಿ ಎಂದೂ ಸೋಲದವನು ಆ ದಿನ ತನ್ನ ಜಗುಲಿಯ ಮೇಲೆ ಸೋತ. ಹೆಂಡತಿಗೆ ಪಾಯಸ ಮಾಡಲು ಹೇಳಿದ. ಯಾಕೆ ಎಂದು ಅವಳು ಕೇಳಿದ್ದಕ್ಕೆ, ಒಳ್ಳೆ ವ್ಯಾಪಾರ ಆಯ್ತು ಎಂದ.

ಪರೀಕ್ಷೆಯ ದಿನ ಬಂತು. ಶಾಲೆಯ ಗೇಟಿನಲ್ಲಿ ಅಪ್ಪಂದಿರನ್ನೆಲ್ಲ ತಡೆದರು. ಹುಡುಗಿ ಅವನ ಕೈ ಬಿಟ್ಟು ಒಳಗೆ ಹೋದಳು. ಅವನು ಹುಣಸೆ ಮರದ ಕೆಳಗೆ ನಿಂತುಕೊಂಡ.

ಮುಗಿದ ಮೇಲೆ ಅವಳು ಹೊರಗೆ ಬಂದಳು. "ಕೊನೇದು ಏನು ಕೇಳಿದ್ರು?" ಎಂದ ಅವನು.

"ಎತ್ತು, ಗಾಡಿ, ನೊಗ, ನೇಗಿಲು. ಸೇರದ್ದು ಎತ್ತು ಅಂತ ಬರೆದೆ. ಉಳಿದ ಮೂರನ್ನೂ ಬಡಗಿ ಮಾಡ್ತಾನೆ. ಎತ್ತನ್ನ ಯಾರು ಮಾಡ್ತಾರೆ?"

ಅವನ ಮನಸ್ಸು ನೇಗಿಲು ಎಂದಿತ್ತು. ಉಳಿದ ಮೂರು ಸೇರಿದರೆ ತಾನೇ ಪ್ರಯಾಣ. ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಅವನ ಬೆರಳುಗಳು ತಾವಾಗಿ ಮಿಸುಕಿದವು. ಅವಳು ನೋಡಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಬಾಯಾರಿದೆ, ಕಬ್ಬಿನ ಹಾಲು ಕೊಡಿಸು ಎಂದು ಮುಂದೆ ಮುಂದೆ ನಡೆದಳು.

ಕಬ್ಬಿನ ಹಾಲು ಕುಡಿಸಿ ಬಸ್ಸಿಗೆ ನಿಂತಾಗ ಅವನಿಗೆ ಹೊಳೆಯಿತು. ಸರಿಯಾ ಅಪ್ಪಾ ಎಂದು ಅವಳು ಕೇಳಲೇ ಇಲ್ಲ. ಅವನು ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದವನಿಗೆ, ಇವಳು ನನ್ನ ಮಗಳು ಎಂದು ಹೇಳಿದ. ಆ ಮನುಷ್ಯ ಏನನ್ನೂ ಕೇಳಿರಲಿಲ್ಲ.

ಆಮೇಲೆ ಸೀಟೂ ಸಿಕ್ಕಿತು. ಆಗ ಇಡೀ ಬೀದಿ ಹೆಮ್ಮೆಪಟ್ಟಿತು. ಉತ್ತರವೆಲ್ಲ ನನ್ನ ಚೀಲದಲ್ಲೇ ಇತ್ತು ಎಂದು ಎದುರುಮನೆಯ ಮುದುಕಿ ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿಕೊಂಡು ಬಂದಳು. ದಲ್ಲಾಳಿ ಮಾತ್ರ ಸುಮ್ಮನೆ ನಕ್ಕ. ತನ್ನ ಪಾಲಿನ ಹೆಮ್ಮೆಯನ್ನು ಅವನು ಬಸ್ಸಿಗೆ ಕಾಯುವಾಗಲೇ ಪಟ್ಟು ಮುಗಿಸಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತು. "ಈಗ ತಿಳಿಯಿತು ಗುರುಗಳೇ. ನಾನು ನಿಮ್ಮ ಮುಖವನ್ನು ಓದಿ ಉತ್ತರ ಹೇಳಬಾರದೆಂದು ನೀವು ಕಣ್ಣು ಮುಚ್ಚುತ್ತೀರಿ" ಎಂದ. ಸ್ವಲ್ಪ ತಡೆದು ಮುಂದಕ್ಕೆ ಬಾಗಿ, "ಅಂದರೆ, ನಿನ್ನೆ ನಾನು ಹೇಳಿದ ಉತ್ತರ ಸರಿಯಿತ್ತೇ?" ಎಂದು ಕೇಳಿದ.

ಗುರುಗಳು ಕಣ್ಣು ಮುಚ್ಚಿಕೊಂಡು ಹೇಳಿದರು: "ಆ ಹುಡುಗಿ ಇದನ್ನು ಕೇಳಲಿಲ್ಲ."