ಕೆಂಪು ಕಾರು, ಗೋಧಿ ಹುಗ್ಗಿ

ಹಿಮಾಲಯದ ಒಂದು ಕಣಿವೆಯಲ್ಲಿ, ನದಿಯ ದಂಡೆಗೆ, ಅಡಿವೆಪ್ಪಜ್ಜರ ಆಶ್ರಮವಿತ್ತು. ಅಜ್ಜಾರು ಹುಟ್ಟಿದ್ದು ಗದಗಿನ ಕಡೆ. ಸನ್ಯಾಸಿಯಾಗುವ ಮೊದಲು ಅವರು ಲಾರಿ ಡ್ರೈವರ್.

ಅಲ್ಲಿಗೆ ರೇಸ್ ಓಡಿಸುವ ತೋಂಟೇಶ ಶಿಷ್ಯನಾಗಲು ಬಂದದ್ದು ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಭಾರದ ಇಂಜಿನ್ನು ಮುಂದೆ, ಕಾರನ್ನು ದೂಡುವ ಕೆಲಸವೆಲ್ಲ ಹಿಂದಿನ ಗಾಲಿಗಳದ್ದು. ರೇಸಿನ ಮೈದಾನದಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಹಿಮದ ಮೇಲೆ ಮಾತ್ರ ಆ ಕಾರು ಆಗಷ್ಟೇ ಹುಟ್ಟಿದ ಕರುವಿನ ಹಾಗೆ ಹಿಂಗಾಲು ಜಾರಿಸುತ್ತಿತ್ತು.

ಬಂದ ದಿನ ಅವನು ಆಶ್ರಮದ ಮುಂದೆ ನಿಲ್ಲಲೇ ಇಲ್ಲ. ಮೊದಲು ಮುಂದಿನ ಹನ್ನೊಂದು ತಿರುವಿನ ಘಾಟಿ ಹತ್ತಿ ಇಳಿದು ಆಮೇಲೆ ಅಜ್ಜರ ಕಾಲಿಗೆ ಬೀಳುತ್ತೇನೆ ಎಂದು ಹೋದವನು ಒಂಬತ್ತನೇ ತಿರುವಿನಲ್ಲಿ ಚರಂಡಿಗೆ ಬಿದ್ದ. ರಸ್ತೆಯ ಹಿಮ ತೆಗೆಯುವ ಕೂಲಿಗಳು ಕಾರನ್ನು ಅಗೆದು ಹೊರಗೆಳೆದರು. ಎಳೆಯುವಾಗಲೂ ನಕ್ಕರು, ಎಳೆದ ಮೇಲೂ ನಕ್ಕರು. ಆ ನಗು ತೋಂಟೇಶನ ಕಿವಿಯಲ್ಲಿ ವರ್ಷವಿಡೀ ಉಳಿಯಿತು.

ಆಶ್ರಮದ ಅಡುಗೆ ನೋಡಿಕೊಳ್ಳುತ್ತಿದ್ದ ನೀಲಕ್ಕ ಕಾರನ್ನು ಸುತ್ತು ಹಾಕಿ ನೋಡಿದಳು.

"ಹೊಟ್ಟಿಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗಿ ಹೂವು," ಎಂದು ಒಳಗೆ ಹೋದಳು.

ಆಶ್ರಮಕ್ಕೆ ಒಂದು ಪದ್ಧತಿ ಇತ್ತು. ದಾಸೋಹದ ಒಲೆಯ ಮೇಲೆ ಪಾತ್ರೆ ಇಡುವ ಹಕ್ಕು ಅಜ್ಜಾರು ಶಿಷ್ಯರೆಂದು ಒಪ್ಪಿದವರಿಗೆ ಮಾತ್ರ. ಉಳಿದವರು ಕಟ್ಟಿಗೆ ಒಡೆಯಬಹುದು, ನೀರು ತರಬಹುದು. ಒಲೆಯ ಮುಂದೆ ಹಾಸಿದ ಕರಿಕಲ್ಲು ದಾಟುವಂತಿಲ್ಲ.

ತೋಂಟೇಶ ಒಂದು ವರ್ಷ ನದಿಯಿಂದ ನೀರು ಹೊತ್ತ. ಕೊಡಗಳನ್ನು ಕರಿಕಲ್ಲಿನ ಈಚೆಗೇ ಇಳಿಸಿದ. ಮರುವರ್ಷದ ಮೊದಲ ಹಿಮ ಬಿದ್ದ ದಿನ ತಡೆಯಲಾರದೆ ಕೇಳಿದ.

"ಅಜ್ಜಾರ, ನಾನು ನಿಮ್ಮ ಶಿಷ್ಯ ಆಗೋದು ಯಾವಾಗ್ರಿ? ಕಾರು ಮಾರಿಬಿಡ್ಲೇನ್ರಿ?"

"ಕಾರು ಏನು ತಪ್ಪು ಮಾಡೇತಿ, ಪಾಪ," ಎಂದರು ಅಜ್ಜಾರು. "ಹಿಮದಾಗ ಅದನ್ನ ಹೊಡಿಯೋದು ಕಲಿ. ಆಮ್ಯಾಲೆ ಕೇಳು."

ತೋಂಟೇಶ ಬುದ್ಧಿವಂತ. ಒಂದು ವರ್ಷ ಪ್ರವಚನ ಕೇಳಿದ್ದ. ತ್ಯಾಗವೇ ದೊಡ್ಡದು, ಹಗುರಾದವನೇ ಮೇಲೇರುತ್ತಾನೆ ಎಂದು ತಾನೇ ಅರ್ಥ ಮಾಡಿಕೊಂಡಿದ್ದ. ಸ್ಪ್ಯಾನರ್ ಹಿಡಿದು ಕೂತು ಸ್ಟೆಪ್ನಿ ತೆಗೆದ, ಜ್ಯಾಕ್ ತೆಗೆದ, ಡಿಕ್ಕಿಯಲ್ಲಿದ್ದ ಚಾಪೆಯನ್ನೂ ಬಿಡದೆ ಕಿತ್ತು ಹಾಕಿದ. ಬೋಳು ಮಾಡಿದ ಕಾರನ್ನು ಹೆಮ್ಮೆಯಿಂದ ಹೊರಡಿಸಿದ.

ಆಶ್ರಮದ ಮುಂದಿನ ಸೇತುವೆ ದಾಟುವಷ್ಟರಲ್ಲಿ ಕಾರಿನ ಹಿಂಭಾಗ ಮುಂದಕ್ಕೆ ಬಂದು, ಮುಖ ಆಶ್ರಮದ ಕಡೆಗೆ ತಿರುಗಿ ನಿಂತಿತು.

ಅಜ್ಜಾರು ಸೇತುವೆಯ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು.

"ಇಷ್ಟು ಲಗೂ ಬಂದ್ಯಾ?"

"ಎಲ್ಲಾ ಬಿಟ್ಟೀನ್ರಿ ಅಜ್ಜಾರ. ಒಂದು ಚಾಪಿ ಸುದ್ದಾ ಇಟ್ಟಿಲ್ಲ. ಆದ್ರೂ ಜಾರ್ತದ. ಈ ರಸ್ತೇನ ಸರಿ ಇಲ್ರಿ."

"ಕುಣಿಲಿಕ್ಕೆ ಬಾರದಾಕಿ ನೆಲಾ ಡೊಂಕು ಅಂದ್ಲಂತ," ಎಂದರು ಅಜ್ಜಾರು. ಎದ್ದು ಬಂದು, ಕಾವಿ ಮೇಲೆತ್ತಿ, ಡಿಕ್ಕಿಯ ಮೇಲೆ ಹತ್ತಿ ಕೂತರು. ಸಣ್ಣ ದೇಹವೇನಲ್ಲ ಅದು.

"ಈಗ ಹೊಡಿ."

ತೋಂಟೇಶ ಹೊಡೆದ. ಹಿಂದಿನ ಗಾಲಿಗಳು ಹಿಮವನ್ನು ಕಚ್ಚಿ ಹಿಡಿದವು. ಕಾರು ಸಭ್ಯವಾಗಿ ಸೇತುವೆಯ ಆಚೆಗೆ ಹೋಗಿ ನಿಂತಿತು.

ಅಜ್ಜಾರು ಇಳಿದು ಬಟ್ಟೆ ಕೊಡವಿಕೊಂಡರು. "ಬಿಡೋದು ಕಲ್ತಿ, ಚಲೋ ಆತು. ಎಲ್ಲೆ ಹೊರಬೇಕು ಅನ್ನೋದು ಇನ್ನೂ ಕಲ್ತಿಲ್ಲ."

ಅಂದೇ ತೋಂಟೇಶ ನದಿಯ ಮರಳನ್ನು ಗೋಣಿಚೀಲಕ್ಕೆ ತುಂಬಿ, ಹಿಂದಿನ ಗಾಲಿಗಳ ನೆತ್ತಿಗೆ ಬರುವಂತೆ ಡಿಕ್ಕಿಯಲ್ಲಿ ಇಟ್ಟು ಹಗ್ಗ ಬಿಗಿದ.

ಆಮೇಲೆ ಟಯರಿನ ಪ್ರಶ್ನೆ ಬಂತು. ಪೇಟೆಗೆ ಹೋಗಿ ಹಿಮಕ್ಕೆಂದೇ ಮಾಡಿದ ಎರಡು ಟಯರು ತಂದು ಹಿಂದಿನ ಗಾಲಿಗೆ ಹಾಕಿದ.

"ಮುಂದಿನವಕ್ಕ?" ಎಂದರು ಅಜ್ಜಾರು.

"ದೂಡೋವು ಹಿಂದಿನವು ಅಲ್ಲೇನ್ರಿ? ಮುಂದಿನವು ಸುಮ್ನ ಉರುಳ್ತಾವು."

ಅಜ್ಜಾರು ವಾದ ಮಾಡಲಿಲ್ಲ. ತೋಂಟೇಶನ ಬಲಗಾಲಿನ ಬೂಟು ಕಳಚಿಸಿ ತಮ್ಮ ಮರದ ಹಾವುಗೆ ತೊಡಿಸಿದರು. ಎಡಗಾಲಿಗೆ ಬೂಟು ಇದ್ದೇ ಇತ್ತು.

"ಒಂದು ಕೊಡ ನೀರು ತಾ."

ತೋಂಟೇಶ ಹೋದ. ಮೂರು ಸಲ ಬಿದ್ದ. ನೀರು ತುಂಬಿದ್ದು ಕೊಡಕ್ಕಲ್ಲ, ಅವನ ಅಂಗಿಯ ತೋಳಿಗೆ. ಮರುದಿನ ಬೆಳಿಗ್ಗೆಯೇ ಇನ್ನೆರಡು ಟಯರು ತರಲು ಪೇಟೆಯ ದಾರಿ ಹಿಡಿದ.

ಕಷ್ಟವಾದದ್ದು ತಿರುವುಗಳು. ಹಿಂಭಾಗ ಜಾರಿದ ಕೂಡಲೇ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಬೀಳುತ್ತಿತ್ತು, ಕಣ್ಣು ಪ್ರಪಾತದ ಮೇಲೆ. ಕಾರು ಕಣ್ಣು ಹೋದ ಕಡೆಗೇ ಹೋಗುತ್ತಿತ್ತು. ಎರಡು ಸಲ ಅಂಚಿನ ಕಲ್ಲು ತಡೆದದ್ದರಿಂದ ಬದುಕಿದ.

"ಪ್ರಪಾತ ನೋಡಬಾರದು ಅಂದ್ಕೊಂಡಷ್ಟೂ ಪ್ರಪಾತಾನ ಕಾಣ್ತದ್ರಿ," ಎಂದು ಅಜ್ಜರ ಮುಂದೆ ಕೂತು ಅತ್ತೇಬಿಟ್ಟ.

"ನೋಡಬ್ಯಾಡ ಅಂತ ನಾ ಯಾವಾಗ ಹೇಳ್ದೆ?"

"ಮತ್ತೇನಂದ್ರಿ?"

"ದಾರಿ ನೋಡು ಅಂದೆ."

ತೋಂಟೇಶ ಅದನ್ನು ಎರಡು ತಿಂಗಳು ಅಭ್ಯಾಸ ಮಾಡಿದ. ಎರಡನೇ ಗೇರಿನಲ್ಲಿ ಹೊರಡುವುದು. ಆಕ್ಸಿಲರೇಟರನ್ನು ಮಲಗಿದ ಕೂಸನ್ನು ತಟ್ಟುವಷ್ಟು ಮೆಲ್ಲಗೆ ಒತ್ತುವುದು. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕು ಮುಟ್ಟದಿರುವುದು. ಜಾರಿದರೆ ಹೆದರದೆ ಹೋಗಬೇಕಾದ ಕಡೆಗೆ ನೋಡಿ ಸ್ಟೇರಿಂಗು ಆ ಕಡೆ ತಿರುಗಿಸುವುದು. ವಾರಕ್ಕೊಂದು ತಿರುವಿನಂತೆ ಎಂಟು ತಿರುವು ಹತ್ತಿ ಇಳಿದ. ಒಂಬತ್ತನೆಯದರ ಹತ್ತಿರ ಹೋದಾಗಲೆಲ್ಲ ಕೂಲಿಗಳ ನಗು ಕೇಳಿಸಿದಂತಾಗಿ ಹಿಂದಿರುಗುತ್ತಿದ್ದ.

ಸಂಕ್ರಾಂತಿ ಬಂತು.

ಇಪ್ಪತ್ತಾರು ವರ್ಷದ ಹಿಂದೆ ಅಜ್ಜರ ಲಾರಿ ಅದೇ ಘಾಟಿಯ ತುದಿಯಲ್ಲಿ ಮೂರು ದಿನ ಹಿಮದಲ್ಲಿ ಹೂತುಹೋಗಿತ್ತು. ಆಗ ಅವರನ್ನು ಉಳಿಸಿದ್ದು ರಸ್ತೆ ಕೂಲಿಗಳ ಗಂಜಿ. ಅಂದಿನಿಂದ ಒಂದು ಸಂಕ್ರಾಂತಿಯೂ ತಪ್ಪದೆ, ತುದಿಯ ಡೇರೆಗಳಿಗೆ ಆಶ್ರಮದ ಜೀಪು ಬಿಸಿ ಗೋಧಿ ಹುಗ್ಗಿ ಒಯ್ಯುತ್ತಿತ್ತು. ಚಳಿಗಾಲವಿಡೀ ಅಲ್ಲಿಯ ಮೂವತ್ತನಾಲ್ಕು ಜನ ಸಿಹಿ ಕಾಣುತ್ತಿದ್ದದ್ದು ಅದೊಂದೇ ದಿನ.

ಆ ಬೆಳಿಗ್ಗೆ ಜೀಪು ಏಳಲಿಲ್ಲ. ರೇಡಿಯೇಟರಿನ ನೀರು ಗಡ್ಡೆ ಕಟ್ಟಿ ಇಂಜಿನ್ನು ಬಿರುಕು ಬಿಟ್ಟಿತ್ತು.

ಒಲೆಯ ಮೇಲೆ ಎರಡು ದೊಡ್ಡ ಡಬರಿ ತುಂಬ ಹುಗ್ಗಿ ಕುದಿಯುತ್ತಿತ್ತು. ಬೆಲ್ಲ, ಏಲಕ್ಕಿಯ ವಾಸನೆ ಅಂಗಳದ ತನಕ. ನೀಲಕ್ಕ ಸೌಟು ಹಿಡಿದು ನಿಂತಿದ್ದಳು. ಅಜ್ಜರ ಕಣ್ಣು ತುಂಬಿದ್ದನ್ನು ತೋಂಟೇಶ ಅಂದೇ ಮೊದಲು ನೋಡಿದ್ದು.

"ನಾ ಒಯ್ತೀನ್ರಿ," ಎಂದ.

"ಆ ಆಟಿಗಿ ಸಾಮಾನಿನಾಗ?" ಎಂದಳು ನೀಲಕ್ಕ.

"ಹಿಂದ ಭಾರ ಬೇಕಾಗೇತಿ ಅಕ್ಕಾ. ಹುಗ್ಗಿಗಿಂತ ಚಲೋ ಭಾರ ಎಲ್ಲೈತಿ?"

ನೀಲಕ್ಕ ಅಜ್ಜರ ಮುಖ ನೋಡಿದಳು. ಅಜ್ಜಾರು ಡಬರಿಗಳ ಮುಚ್ಚಳ ಬಿಗಿದು, ಕಂಬಳಿ ಸುತ್ತಿ ಕೊಟ್ಟರು. ಡಿಕ್ಕಿ ಮುಚ್ಚಲಿಲ್ಲ, ಹಗ್ಗ ಕಟ್ಟಿದರು. ಮರಳಿನ ಚೀಲ ಪಕ್ಕದಲ್ಲೇ ಇತ್ತು.

"ಅಜ್ಜಾರ, ಏನಾರ ಹೇಳ್ರಿ."

"ಆರೋದರೊಳಗ ಮುಟ್ಟಸು."

ಕೆಂಪು ಕಾರು ಹೊರಟಿತು. ಒಂದು, ಎರಡು, ಮೂರು. ಹಿಂದೆ ಹುಗ್ಗಿ, ಮುಂದೆ ದಾರಿ. ಆರನೇ ತಿರುವು ದಾಟುವಾಗ ತೋಂಟೇಶನ ಬಾಯಲ್ಲಿ ಯಾವುದೋ ಹಾಡು ಬಂತು. ಹಾಡಿನ ಗುಂಗಿನಲ್ಲಿ ಏಳನೆಯದರಲ್ಲಿ ಸ್ವಲ್ಪ ಜೋರಾಗಿ ಒತ್ತಿದ. ಗಾಲಿ ನಿಂತಲ್ಲೇ ತಿರುಗಿ ಕುಳಿ ತೋಡಿತು.

ಇಳಿದು, ಕೈಯಿಂದಲೇ ಗಾಲಿಯ ಮುಂದಿನ ಹಿಮ ಬಿಡಿಸಿದ. ಚೀಲ ಬಿಚ್ಚಿ ಮರಳು ಚೆಲ್ಲಿದ. ಒಂದು ಹಿಡಿ ಸಾಲಲಿಲ್ಲ, ಚೀಲವೇ ಖಾಲಿಯಾಯಿತು. ಮತ್ತೆ ಕೂತು ಎರಡನೇ ಗೇರು ಹಾಕಿ, ಉಸಿರು ಬಿಟ್ಟಷ್ಟೇ ಮೆಲ್ಲಗೆ ಒತ್ತಿದ. ಕಾರು ಮೇಲೆದ್ದಿತು. ಆಮೇಲೆ ಅವನು ಹಾಡಲಿಲ್ಲ.

ಒಂಬತ್ತನೇ ತಿರುವು. ಅದೇ ಚರಂಡಿ. ನಡುವಿನಲ್ಲೇ ಹಿಂಭಾಗ ಜಾರತೊಡಗಿತು. ಬ್ರೇಕಿನ ಕಡೆ ಎದ್ದ ಕಾಲನ್ನು ತಡೆದ. ತಿರುವಿನ ಆಚೆಗೆ ಬೆಳ್ಳಗೆ ಹೊಳೆಯುತ್ತಿದ್ದ ದಾರಿಯನ್ನು ನೋಡಿದ. ಕೈ ಕಣ್ಣಿನ ಮಾತು ಕೇಳಿತು, ಗಾಲಿ ಕೈಯ ಮಾತು ಕೇಳಿತು. ಡಬರಿಗಳು ಹಿಂದೆ ಗಟ್ಟಿಯಾಗಿ ಕೂತಿದ್ದವು. ಕಾರು ನೆಟ್ಟಗಾಗಿ ಮೇಲೆ ಹೋಯಿತು.

ತುದಿಯಲ್ಲಿ ಕೂಲಿಗಳು ಜೀಪಿನ ದಾರಿ ಕಾಯುತ್ತಿದ್ದರು. ಕೆಂಪು ಕಾರು ಕಂಡಾಗ ಮೊದಲು ಯಾರೂ ನಂಬಲಿಲ್ಲ. ಅವರ ಮುಖಂಡ ದೋರ್ಜೆ ಸಲಿಕೆ ಕೆಳಗೆ ಹಾಕಿ ಓಡಿಬಂದ. ಮುಚ್ಚಳ ತೆಗೆದರೆ ಹುಗ್ಗಿ ಇನ್ನೂ ಹಬೆಯಾಡುತ್ತಿತ್ತು. ಮೂವತ್ತನಾಲ್ಕು ಜನ ಸಲಿಕೆಗೆ ಸಲಿಕೆ ಬಡಿದು ಬೆಟ್ಟವೇ ಕೇಳುವ ಹಾಗೆ ಸದ್ದು ಮಾಡಿದರು. ತೋಂಟೇಶ ತನ್ನ ಕೈಯಾರೆ ಒಬ್ಬೊಬ್ಬರಿಗೂ ಬಡಿಸಿದ. ರೇಸಿನಲ್ಲಿ ಗೆದ್ದ ಯಾವ ಕಪ್ಪೂ ಅವನಿಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಊಟ ಮುಗಿಯಿತು. ದೋರ್ಜೆ ಡಬರಿಗಳನ್ನು ಬಿಸಿನೀರಿನಲ್ಲಿ ಬೆಳಗಿ ಕೊಟ್ಟ. ತೋಂಟೇಶ ಅವನ್ನು ಕಟ್ಟಿಕೊಂಡು ಕಾರು ಹೊರಡಿಸಿದ.

ಹತ್ತು ಮಾರು ಹೋಗಿರಲಿಲ್ಲ, ಹಿಂಭಾಗ ಬಾಲದಂತೆ ಅತ್ತಿತ್ತ ಆಡಿತು. ನಿಲ್ಲಿಸಿದ. ಹುಗ್ಗಿ ಮೂವತ್ತನಾಲ್ಕು ಹೊಟ್ಟೆ ಸೇರಿತ್ತು. ಮರಳು ಏಳನೇ ತಿರುವಿನಲ್ಲಿ ಉಳಿದಿತ್ತು. ಕಾರು ಮತ್ತೆ ಬೋಳಾಗಿತ್ತು, ಕೆಳಗೆ ಹನ್ನೊಂದು ತಿರುವು ಕಾದಿದ್ದವು.

"ಮರಳು ಸಿಗ್ತದೇನು? ಕಲ್ಲಾದರೂ?" ಎಂದು ಕೇಳಿದ.

"ಎಲ್ಲಾ ಮೂರು ಆಳು ಹಿಮದ ಕೆಳಗಿದೆ," ಎಂದ ದೋರ್ಜೆ ತನ್ನ ಹಿಂದಿಯಲ್ಲಿ. "ಇಲ್ಲಿ ಹಿಮ ಬಿಟ್ಟು ಬೇರೇನೂ ಇಲ್ಲ."

ತೋಂಟೇಶ ಸುತ್ತಲೂ ನೋಡಿದ. ವರ್ಷದಿಂದ ಅವನನ್ನು ಕೆಡವಿದ್ದು, ನಗೆಪಾಟಲು ಮಾಡಿದ್ದು, ಅಳಿಸಿದ್ದು ಇದೇ ಹಿಮ. ಖಾಲಿ ಡಬರಿಗಳನ್ನು ನೋಡಿದ. ಆಮೇಲೆ ಅವನಿಗೆ ನಗು ಬಂತು, ಒಬ್ಬನೇ ನಕ್ಕ. ಡಬರಿಗಳನ್ನು ಕೆಳಗಿಳಿಸಿ ಕೈಯಿಂದಲೇ ತುಂಬತೊಡಗಿದ.

ದೋರ್ಜೆಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಮೂವತ್ತನಾಲ್ಕು ಸಲಿಕೆ ಬಂದವು. ಯಾರೂ ತುಳಿಯದ ಹಿಮವನ್ನು ಆಯ್ದು ತಂದು, ಬಡಿದು ಬಡಿದು ಡಬರಿಗಳನ್ನು ಕಲ್ಲಿನಷ್ಟು ಗಟ್ಟಿ ಮಾಡಿದರು. ಖಾಲಿ ಮರಳಿನ ಚೀಲಕ್ಕೂ ತುಂಬಿದರು. ಅವರೂ ನಗುತ್ತಿದ್ದರು. ಈ ಸಲ ಆ ನಗು ಅವನಿಗೆ ನೋಯಲಿಲ್ಲ.

ಕಾರು ಹನ್ನೊಂದು ತಿರುವನ್ನೂ ನಡೆದುಬರುವವನ ವೇಗದಲ್ಲಿ ಇಳಿಯಿತು. ಒಂಬತ್ತನೆಯದು ಯಾವುದೆಂದು ಅವನು ಲೆಕ್ಕ ಹಾಕಲೂ ಇಲ್ಲ.

ಸಂಜೆ ಬಿಸಿಲು ಇನ್ನೂ ಸೇತುವೆಯ ಮೇಲಿತ್ತು. ಅಜ್ಜಾರು ಅದೇ ಕಟ್ಟೆಯ ಮೇಲೆ ಕೂತಿದ್ದರು. ಬೆಳಿಗ್ಗೆಯಿಂದ ಅಲ್ಲಿಂದ ಎದ್ದಿರಲಿಲ್ಲವಂತೆ, ನೀಲಕ್ಕ ಆಮೇಲೆ ಹೇಳಿದಳು.

"ಮುಟ್ಟಿತೇನು?"

"ಮುಟ್ಟಿತ್ರಿ. ಬಿಸೀನ ಇತ್ರಿ."

ಅಜ್ಜಾರು ಹಿಂದೆ ಬಂದು ಹಗ್ಗ ಬಿಚ್ಚಿದರು. ಡಬರಿಯ ಮುಚ್ಚಳ ಎತ್ತಿ, ಒಳಗಿನ ಬಿಳುಪಿನ ಮೇಲೆ ಕೈಯಿಟ್ಟರು.

"ಇದೇನಪಾ?"

"ಹಿಮ ರೀ ಅಜ್ಜಾರ. ಇಳಿಯಾಕ ಭಾರ ಬೇಕಾಗಿತ್ತು. ಅಲ್ಲೆ ಇದ್ದದ್ದು ಇದೊಂದ."

ಅಜ್ಜಾರು ಬಹಳ ಹೊತ್ತು ಕೈ ತೆಗೆಯಲಿಲ್ಲ. ತೋಂಟೇಶ ಡಬರಿಯನ್ನು ಹೊತ್ತು ಅಡುಗೆಮನೆಗೆ ಬಂದ. ಅಭ್ಯಾಸದಂತೆ ಕರಿಕಲ್ಲಿನ ಈಚೆಗೆ ಇಳಿಸಲು ಬಗ್ಗಿದ.

"ಅಲ್ಲೆ ಯಾಕ ಇಳಸ್ತಿ?" ಎಂದರು ಹಿಂದೆ ಬಂದ ಅಜ್ಜಾರು. "ಕಲ್ಲು ದಾಟಿ ಒಲಿ ಮ್ಯಾಲೆ ನೀನ ಇಡು. ನಾಳಿನ ಹುಗ್ಗಿಗೆ ನೀರಾತು."