ನಾಣಯ್ಯನ ಪುಸ್ತಕ

ಪೂವಮ್ಮ ಕಾರು ಓಡಿಸುತ್ತಿದ್ದಳು. ಗಂಡ ನಾಣಯ್ಯ ಪಕ್ಕದಲ್ಲಿ ಕೂತು ರಸ್ತೆಯನ್ನು ಓದುತ್ತಿದ್ದ.

ರ‍್ಯಾಲಿಯಲ್ಲಿ ಹಾಗೆಯೇ. ಆ ವೇಗದಲ್ಲಿ ಮುಂದಿನ ತಿರುವು ಚಾಲಕನಿಗೆ ತಿಳಿಯುವುದಿಲ್ಲ. ಅದು ಎಡಕ್ಕೋ ಬಲಕ್ಕೋ, ಎಷ್ಟು ಬಿಗಿ ಎಂಬುದನ್ನು ನ್ಯಾವಿಗೇಟರ್ ಮೊದಲೇ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಹೆಲ್ಮೆಟ್ಟಿನ ಮೈಕಿನಲ್ಲಿ ಹೇಳುತ್ತ ಹೋಗುತ್ತಾನೆ.

ಹನ್ನೊಂದು ವರ್ಷ ಪೂವಮ್ಮ ಆ ದನಿಯನ್ನು ನಂಬಿ ಓಡಿಸಿದಳು. ಆಮೇಲೆ ನಾಣಯ್ಯನಿಗೆ ಕಾಯಿಲೆಯಾಯಿತು. ಮೂರೇ ತಿಂಗಳಲ್ಲಿ ತೀರಿಕೊಂಡ.

ಇಬ್ಬರಿಗೂ ವಿದ್ಯೆ ಕಲಿಸಿದವರು ಮೈಸೂರಿನ ಗಫಾರ್ ಉಸ್ತಾದ್. ಎರಡು ವರ್ಷ ಕಳೆದ ಮೇಲೆ ಅವಳನ್ನು ಮತ್ತೆ ಕಾರಿನಲ್ಲಿ ಕೂರಿಸಿದವರೂ ಅವರೇ.

ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಆ ಸುತ್ತು ಸಮುದ್ರದಾಚೆಯ ಒಂದು ಬೆಟ್ಟದ ನಾಡಿನಲ್ಲಿತ್ತು. ಪೂರಾ ಡಾಂಬರು ರಸ್ತೆ. ನಾಣಯ್ಯನ ಜೊತೆ ಅವಳು ಕೊನೆಯ ಸಲ ಓಡಿಸಿದ್ದು ಅಲ್ಲಿಯೇ.

ಸ್ಪರ್ಧೆಗೆ ಮುಂಚೆ ಪ್ರತಿ ರಸ್ತೆಯಲ್ಲೂ ನಿಧಾನವಾಗಿ ಎರಡು ಸಲ ಹೋಗಿ ಬರೆದುಕೊಳ್ಳಲು ಬಿಡುತ್ತಾರೆ. ಮೊದಲ ದಿನ ಮುಗಿದ ಮೇಲೆ ಹೊಸ ನ್ಯಾವಿಗೇಟರ್ ಶ್ರೀಪಾದ ಉಸ್ತಾದರ ಬಳಿಗೆ ಬಂದ. ಪೂವಮ್ಮ ತನ್ನಿಂದ ಒಂದಕ್ಷರವನ್ನೂ ಬರೆಸಲಿಲ್ಲ, ನಾಣಯ್ಯನ ಹಳೆಯ ಪುಸ್ತಕ ಕೈಗಿಟ್ಟು ಇದನ್ನೇ ಓದಿದರೆ ಸಾಕು ಎಂದಳು ಎಂದ.

ಉಸ್ತಾದ್ ಅವಳನ್ನು ಕರೆದು ವಿಚಾರಿಸಿದರು.

"ರಸ್ತೆ ಅದೇ, ಉಸ್ತಾದ್. ಅವರು ಬರೆದದ್ದರಲ್ಲಿ ಒಂದೂ ತಪ್ಪಿಲ್ಲ."

ಉಸ್ತಾದ್ ವಾದ ಮಾಡಲಿಲ್ಲ. ಪುಸ್ತಕ ತೆಗೆದುಕೊಂಡು ಬಾ ಎಂದರು. ಸಂಜೆ ಇಬ್ಬರೂ ನದಿಯ ಪಕ್ಕದ ರಸ್ತೆಯಲ್ಲಿ ನಡೆದರು. ಶ್ರೀಪಾದ ಗುರುತು ಹೇಳಿದ್ದ ತಿರುವಿನ ಮುಂದೆ ನಿಂತು, ಕಣ್ಣು ಮುಚ್ಚಿಕೊಂಡು ನಾನು ಓದಿದ ಹಾಗೆ ನಡೆ ಎಂದು ಉಸ್ತಾದ್ ಪುಸ್ತಕ ತೆರೆದರು.

"ಬಲಕ್ಕೆ, ಉದ್ದ ತಿರುವು. ಒಳ ಅಂಚು ಹಿಡಿದು ಹೋಗು. ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಡ."

ಅಷ್ಟು ಕೇಳಿದ್ದೇ ಅವಳ ಮುಖ ಅರಳಿತು. ಕಣ್ಣು ಮುಚ್ಚಿ ನಡೆದಳು. ಒಂಬತ್ತನೆಯ ಹೆಜ್ಜೆಗೆ ಮೊಣಕಾಲು ಕಲ್ಲಿಗೆ ಬಡಿಯಿತು.

ಎದೆಯೆತ್ತರದ ಹೊಸ ಗೋಡೆ. ಸಿಮೆಂಟು ಇನ್ನೂ ಬಿಳಿಚಿಕೊಂಡಿತ್ತು.

"ಬೆಳಿಗ್ಗೆ ಇದು ಕಾಣಲಿಲ್ಲವೇ?"

"ಕಂಡಿತು."

"ಮತ್ತೆ?"

ಅವಳು ಗೋಡೆಯ ಮೇಲೆ ಕೈಯಿಟ್ಟಳು.

"ಹೊಸದಾಗಿ ಬರೆಸಿದರೆ ಈ ರಸ್ತೆಯಲ್ಲಿ ಅವರು ಇರುವುದಿಲ್ಲ, ಉಸ್ತಾದ್."

ಉಸ್ತಾದ್ ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟರು. ಶ್ರೀಪಾದನಿಗೂ ಮನೆಯಲ್ಲಿ ಕಾಯುವ ಹೆಂಡತಿ ಇದ್ದಾಳೆ ಎಂದರು. ಬಂದ ದಾರಿಯಲ್ಲೇ ಹಿಂತಿರುಗಿದರು.

ಮರುದಿನ ಎರಡನೆಯ ಸಲ ಹೋಗುವಾಗ ಪೂವಮ್ಮ ಒಂದೊಂದೇ ತಿರುವನ್ನು ಹೇಳಿ ಬರೆಸಿದಳು. ಗೋಡೆಯ ಹತ್ತಿರ ಬಂದಾಗ ಕಾರು ನಿಲ್ಲಿಸಿದಳು. ಶ್ರೀಪಾದ ಪೆನ್ಸಿಲ್ ಹಿಡಿದು ಕಾದ. ಕೊನೆಗೆ ಹೇಳಿದಳು: ಬಲಕ್ಕೆ, ಒಳಗೆ ಗೋಡೆ, ಬ್ರೇಕ್.

ಸ್ಪರ್ಧೆಯ ದಿನ ತುಂತುರು ಮಳೆ. ಮೊದಲ ಎರಡು ಹಂತಗಳಲ್ಲಿ ಅವಳು ಪ್ರತಿ ತಿರುವಿಗೂ ಒಂದು ಚೂರು ತಡವಾದಳು. ಶ್ರೀಪಾದ ಹೇಳಿ ಮುಗಿಸಿದ ಮೇಲೂ ಅವಳ ಕಿವಿ ಇನ್ನೊಂದು ದನಿಗೆ ಕಾಯುತ್ತಿತ್ತು. ಮೂರನೆಯದು ನದಿಯ ಪಕ್ಕದ ರಸ್ತೆ. ಶ್ರೀಪಾದ ಗೋಡೆಯ ಹೆಸರೆತ್ತುತ್ತಿದ್ದಂತೆಯೇ ಅವಳ ಕಾಲು ಬ್ರೇಕಿನ ಮೇಲಿತ್ತು. ಒದ್ದೆ ಡಾಂಬರಿನ ಮೇಲೆ ಕಾರು ತುಸು ಜಾರಿ, ಗೋಡೆಗೆ ಗೇಣು ದೂರದಲ್ಲಿ ತಿರುಗಿಕೊಂಡು ಹೋಯಿತು.

ಅಲ್ಲಿಂದ ಕೊನೆಯವರೆಗೂ ಅವಳು ತಡವಾಗಲಿಲ್ಲ. ಐವತ್ತೆರಡು ಕಾರುಗಳಲ್ಲಿ ಒಂಬತ್ತನೆಯವಳಾದಳು.

ತಂಡದ ಹುಡುಗರೆಲ್ಲ ಅವಳನ್ನು ಸುತ್ತುವರಿದು ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಉಸ್ತಾದ್ ನೋಡಿದರೆ ಅವಳು ಅಲ್ಲಿರಲಿಲ್ಲ. ನದಿಯ ದಡದಲ್ಲಿ ಒಂದು ಕಲ್ಲಿನ ಮೇಲೆ ಕೂತು ಅಳುತ್ತಿದ್ದಳು. ಅವರೂ ಪಕ್ಕದಲ್ಲಿ ಕೂತರು.

"ಆ ತಿರುವಿನಲ್ಲಿ ನನಗೆ ಶ್ರೀಪಾದನ ದನಿ ಮಾತ್ರ ಕೇಳಿಸಿತು," ಎಂದಳು. "ಅವರ ನೆನಪೇ ಆಗಲಿಲ್ಲ. ಅವರನ್ನು ಅಲ್ಲೇ ಹಿಂದೆ ಬಿಟ್ಟು ಬಂದೆ, ಉಸ್ತಾದ್."

ಉಸ್ತಾದ್ ಹರಿಯುವ ನೀರನ್ನು ನೋಡುತ್ತ ಕೇಳಿದರು:

"ಹನ್ನೊಂದು ವರ್ಷದಲ್ಲಿ ನಾಣಯ್ಯ ಒಂದು ಸಲವಾದರೂ ದಾಟಿ ಬಂದ ತಿರುವನ್ನು ನಿನಗೆ ಓದಿ ಹೇಳಿದ್ದನೇ, ಮಗಳೇ?"