ಅಕ್ಕಣಿ ತೆರೆ

ಕೋಳ್ಕೆರೆಯ ಹೊಳೆ ಕಡಲನ್ನು ಸೇರುವ ಅಳಿವೆಯ ತೆಂಕಣ ದಂಡೆಯಲ್ಲಿ ಒಂದು ಕರಿಬಂಡೆ ನೀರಿನೊಳಕ್ಕೆ ಚಾಚಿಕೊಂಡಿದೆ. ಮಳೆಗಾಲ ಕಳೆದು ಮುಂಜಾನೆಯ ಮೂಡುಗಾಳಿ ಬೀಸತೊಡಗಿದರೆ ಆ ಬಂಡೆಯ ಮೂಗಿನ ಬಳಿ ಒಂದು ತೆರೆ ಏಳುತ್ತದೆ. ದೋಣಿಯವರು ಅದನ್ನು ಅಕ್ಕಣಿ ಎಂದು ಕರೆಯುತ್ತಾರೆ. ಸುತ್ತಲಿನ ತೆರೆಗಳೆಲ್ಲ ಎದ್ದಲ್ಲೇ ಕುಸಿದು ನೊರೆಯಾದರೆ ಇದು ಮಾತ್ರ ಬಂಡೆಯ ಬದಿಯಿಂದ ಮುರಿಯುತ್ತ, ಸುರುಳಿ ಬಿಚ್ಚಿದ ಚಾಪೆಯಂತೆ ಮರಳದಂಡೆಯುದ್ದಕ್ಕೂ ಓಡುತ್ತದೆ. ಈಚೆಗೆ ಎಲ್ಲೆಲ್ಲಿಂದಲೋ ತರುಣ ತರುಣಿಯರು ಸರ್ಫಿಂಗ್ ಹಲಗೆ ಹೊತ್ತು ಬಂದು ಇದಕ್ಕಾಗಿ ನೀರಿನಲ್ಲಿ ಕಾದು ಕೂರುತ್ತಾರೆ. ಅಕ್ಕಣಿ ಎಂದರೆ ಯಾವುದೋ ಕಡಲದೇವತೆಯಿರಬೇಕು ಎಂದು ಅವರು ತಮ್ಮತಮ್ಮಲ್ಲೇ ಹೇಳಿಕೊಳ್ಳುವುದುಂಟು. ಅದು ಸುಳ್ಳು. ಅಕ್ಕಣಿ ದೇವತೆಯೂ ಅಲ್ಲ, ದೈವವೂ ಅಲ್ಲ. ಮೀನು ಒಣಗಿಸಿ ಮಾರಿ ಬದುಕುತ್ತಿದ್ದ ಹೆಂಗಸು. ಅವಳನ್ನು ದೇವತೆ ಮಾಡಿದರೆ ಅವಳಿಗಾದ ಅನ್ಯಾಯವನ್ನು ಇನ್ನೊಮ್ಮೆ ಮಾಡಿದಂತೆ.

ಹಿಂದೆ ಒಮ್ಮೆ ಈ ದಂಡೆಯನ್ನು ಒಬ್ಬ ಬಲ್ಲಾಳ ಆಳುತ್ತಿದ್ದನಂತೆ. ಅವನ ಕೈಹಿಡಿದ ಹೊಸ ಮದುಮಗಳು ತವರಿನಿಂದ ದೋಣಿಯಲ್ಲಿ ಬರುತ್ತಿರುವಾಗ ಅಳಿವೆಯ ಬಾಯಲ್ಲೇ ದೋಣಿ ಮಗುಚಿತು. ಹುಟ್ಟು ಹಾಕುತ್ತಿದ್ದವರು ಈಜಿ ದಡ ಸೇರಿದರು. ಎದುರುಗೊಳ್ಳಲು ಬಂದಿದ್ದ ಆಳುಗಳು ಕೈ ಹಿಸುಕಿಕೊಳ್ಳುತ್ತ ನಿಂತರು. ಒಡತಿಯ ಮೈ ಮುಟ್ಟಿದರೆ ತಲೆ ಹೋದೀತೆಂಬ ಭಯ ಅವರಿಗೆ ಕಡಲಿನ ಭಯಕ್ಕಿಂತ ದೊಡ್ಡದಾಗಿತ್ತು. ಬಂಡೆಯ ಹತ್ತಿರ ಮೀನು ಹರವುತ್ತಿದ್ದ ಅಕ್ಕಣಿ, ಮೊಗವೀರರ ಕೇರಿಯ ವಿಧವೆ, ಮುರಿದ ದೋಣಿಯ ಹಲಗೆಯೊಂದನ್ನು ಎಳೆದುಕೊಂಡು ನೀರಿಗೆ ಬಿದ್ದಳು. ಬಂಡೆಯ ಬುಡದಲ್ಲಿ ನೀರು ಹೊರಕಡಲಿಗೆ ಸೆಳೆಯುತ್ತದೆ. ಆ ಸೆಳೆತಕ್ಕೆ ಮೈಯೊಡ್ಡಿ ಒಂದೇ ಉಸಿರಿಗೆ ಆಳಕ್ಕೆ ಹೋಗಿ, ಮುಳುಗುತ್ತಿದ್ದವಳ ಜಡೆ ಹಿಡಿದು ಹಲಗೆಯ ಮೇಲೆ ಎಳೆದುಕೊಂಡಳು. ಅಲ್ಲಿಂದ ಹಿಂದಕ್ಕೆ ಈಜುವುದು ಆಗದ ಮಾತು. “ನನ್ನ ಗಟ್ಟಿ ಹಿಡ್ಕಣಿ ಅಮ್ಮಾ. ಈಗ ಬಪ್ಪು ತೆರಿ ನಮ್ಮನ್ನ ದಡಕ್ಕೆ ಹಾಕತ್ತ್” ಎಂದಳಂತೆ. ಬಂಡೆಯ ಮೂಗಿನಲ್ಲಿ ಎದ್ದ ತೆರೆ ಇಬ್ಬರನ್ನೂ ಹೊತ್ತು ತಂದು ಮರಳಿನ ಮೇಲೆ ಇಳಿಸಿತು.

ಮದುಮಗಳು ಬದುಕಿದಳು. ಹೇಗಿದ್ದಾಳೋ ಎಂದು ತಿಳಿಯುವ ಆಸೆ ಅಕ್ಕಣಿಗೆ. ಬಲ್ಲಾಳನ ಮನೆಯಾದ ಬೀಡಿನ ಬಾಗಿಲಿಗೆ ಎರಡು ಸಲ ಹೋಗಿ, ಎರಡು ಸಲವೂ ಬೈಸಿಕೊಂಡು ಬಂದಳು. ಆಮೇಲೆ ಬಲ್ಲಾಳನ ಶ್ಯಾನುಭಾಗನೇ ಕೇರಿಗೆ ಬಂದ. ಮೀನುಗಾರ ವಿಧವೆಯೊಬ್ಬಳು ಒಡತಿಯ ಜಡೆಗೆ ಕೈಹಾಕಿದಳೆಂದರೆ ಮನೆತನದ ಮಾನ ಉಳಿಯದು, ಆದ್ದರಿಂದ ದೇವರೇ ಮೀನಾಗಿ ಬಂದು ಕಾಪಾಡಿದನೆಂದು ಗುಡಿ ಕಟ್ಟಿಸುತ್ತಿದ್ದೇವೆ ಎಂದ. “ಪ್ರತಿಷ್ಠೆಯ ದಿನ ನಾಲ್ಕು ಜನರೆದುರು, ಆ ಮೀನನ್ನು ಕಣ್ಣಾರೆ ಕಂಡೆ ಅಂತ ನೀನು ಹೇಳಬೇಕು” ಎಂದ. ಅಕ್ಕಣಿಗೆ ಮೈಯೆಲ್ಲ ಉರಿಯಿತು. ಕೊಡುಗೆ ಬೇಡಿದವಳಲ್ಲ ಅವಳು, ಹೊಗಳಿಕೆಗೆ ಕಾದವಳೂ ಅಲ್ಲ. ತಾನು ಮಾಡಿದ್ದನ್ನು ಮಾಡಲಿಲ್ಲವೆಂದು ತನ್ನ ಬಾಯಿಂದಲೇ ಹೇಳಿಸಲು ಬಂದರಲ್ಲ ಎಂಬುದೇ ಅವಳನ್ನು ಸುಟ್ಟಿತು.

ಪ್ರತಿಷ್ಠೆಯ ದಿನ ಅವಳು ಕರೆಯುವ ಮೊದಲೇ ಹೋಗಿ ನಿಂತಳು. “ನಾ ಮೀನ್ ಕಾಂಬ್ದೇ ದಿನಾ. ಅವತ್ತ್ ಕಂಡದ್ದ್ ಮೀನಲ್ಲ, ನೀರ್ ಕುಡ್ದ್ ಸಾಯ್ತಿದ್ದ ಹೆಣ್ಣ್. ಎಳ್ಕಂಡ್ ಬಂದದ್ದ್ ಈ ಕೈ. ಬೇಕಾರೆ ಅಮ್ಮನ್ನೇ ಕೇಣಿ!” ಎಂದು ಕೈಯೆತ್ತಿ ತೋರಿಸಿದಳು. ಮದುಮಗಳು ತಲೆಯೆತ್ತಿ ಬಾಯಿ ತೆರೆದಳು. ಅಷ್ಟರಲ್ಲಿ ಬಲ್ಲಾಳ ಕಣ್ಸನ್ನೆ ಮಾಡಿದ, ವಾದ್ಯದವರು ಬಾರಿಸಿಯೇ ಬಿಟ್ಟರು ಎನ್ನುತ್ತಾರೆ. ಅವಳೇನು ಹೇಳಹೊರಟಿದ್ದಳೆಂದು ಯಾರಿಗೂ ಕೇಳಿಸಲಿಲ್ಲ. ಕೇರಿಯ ಗಂಡಸರು ನೆಲ ನೋಡುತ್ತ ನಿಂತಿದ್ದರು. ಸಂಜೆಯೊಳಗೆ ಅಕ್ಕಣಿಯನ್ನು ಹೊಳೆಯಾಚೆಗೆ ಅಟ್ಟಲಾಯಿತು. ಅವಳ ಹೆಸರನ್ನು ದಂಡೆಯ ಮೇಲೆ ಯಾರಾದರೂ ಎತ್ತಿದರೆ ಅವರ ದೋಣಿಯನ್ನು ಸುಡುವುದಾಗಿ ಡಂಗುರ ಸಾರಿದರು.

ದಂಡೆಯ ಮೇಲೆ ಯಾರೂ ಎತ್ತಲಿಲ್ಲ. ಆದರೆ ಅಂದು ಬಾಯಿ ಬಿಡದೆ ನಿಂತ ನಾಚಿಕೆ ಗಂಡಸರನ್ನು ಕೊರೆಯುತ್ತಿತ್ತು. ಮೀನು ತುಂಬಿಕೊಂಡು ಅಳಿವೆಗೆ ಮರಳಿದ ದೋಣಿಗಳು ಒಳಬರಲು ಕಾಯುವುದು ಬಂಡೆಯ ಆ ತೆರೆಗೇ. ಒಂದು ಬೆಳಿಗ್ಗೆ ಅದು ಏಳುತ್ತಿದ್ದಂತೆ ದೋಣಿ ನಡೆಸುವ ತಂಡೇಲ, ದೂಮನೆಂಬವನು, ಅದರ ಮೂತಿಯಲ್ಲಿ ನಿಂತು, “ಅಕ್ಕಣಿ ಬಂತ್! ಹುಟ್ಟ್ ಹಾಕಿ!” ಎಂದು ಕೂಗಿದ. ಹಿಂದಿನ ದೋಣಿಯವರು ಕೂಗಿದರು, ಅದರ ಹಿಂದಿನವರೂ ಕೂಗಿದರು. ಬಲ್ಲಾಳ ದೂಮನನ್ನು ಹಿಡಿದು ತರಿಸಿದ. “ನಾ ಕರ್ದದ್ದ್ ತೆರಿನ, ಒಡೆಯಾ. ಅದೂ ಕಡ್ಲಲ್ಲಿ. ಕಡ್ಲಿಗೂ ನಿಮ್ಮ ಅಪ್ಪಣೆ ಇತ್ತಾ?” ಎಂದನಂತೆ ಅವನು. ಬಲ್ಲಾಳ ಅವನ ದೋಣಿ ಸುಡಿಸಿದ. ಮರುದಿನ ದೂಮ ಬೇರೆಯವರ ದೋಣಿಯಲ್ಲಿ ನಿಂತು ಕೂಗಿದ. ಊರಿನ ದೋಣಿಗಳನ್ನೆಲ್ಲ ಸುಟ್ಟರೆ ತನ್ನ ಅಡುಗೆಮನೆಗೆ ಮೀನೆಲ್ಲಿಂದ? ಬಲ್ಲಾಳ ಸುಮ್ಮನಾದ. ಹೊಳೆಯಾಚೆಯ ಗುಡಿಸಲಿನಲ್ಲಿ ಅಕ್ಕಣಿ ತನ್ನ ಹೆಸರು ಕಡಲ ಮೇಲಿಂದ ಬರುವುದನ್ನು ಕೇಳಿ ಹೊರಗೆ ಬಂದಳು, ಮರಳಿನಲ್ಲಿ ಕುಳಿತು ಎಷ್ಟೋ ಹೊತ್ತು ಅತ್ತಳು. ಅವಳನ್ನು ಮರಳಿ ಕರೆಸಿದರೆಂದು ಯಾರೂ ಹೇಳುವುದಿಲ್ಲ. ಆಚೆಯ ದಂಡೆಯಲ್ಲೇ ಮುದುಕಿಯಾಗಿ ತೀರಿಕೊಂಡಳಂತೆ.

ಆ ಗುಡಿ ಇಂದಿಗೂ ಇದೆ. ಬಂಡೆಯತ್ತ ಹೋಗುವ ದಾರಿಯಲ್ಲೇ ಸಿಗುತ್ತದೆ. ಹಲಗೆ ಹೊತ್ತ ಹುಡುಗಿಯರು ಅದರ ನೆರಳಿನಲ್ಲಿ ಬಟ್ಟೆ ಬಿಚ್ಚಿಟ್ಟು ನೀರಿಗೆ ಇಳಿಯುತ್ತಾರೆ. ಬಾಗಿಲ ಪಕ್ಕ ನೆಟ್ಟ ಕಲ್ಲಿನಲ್ಲಿ ಮೀನಿದೆ, ಬಲ್ಲಾಳನ ಹೆಸರಿದೆ, ಅವನ ಅಪ್ಪನ ಹೆಸರಿದೆ, ಬಿರುದುಗಳಿವೆ. ಮುಳುಗಿದವಳ ಹೆಸರಿಲ್ಲ. ಎತ್ತಿದವಳದೂ ಇಲ್ಲ.